ತೆರಕಣಾಂಬಿಯಲ್ಲಿ ಗಾಡಿ ಬದಲಾದ ದಿನ

ಕಳೆದ ವರ್ಷ ಗೌರಿ ಹಬ್ಬ ಹತ್ತಿರವಾಗಿದ್ದ ದಿನಗಳು. ನಮ್ಮ ಗುಂಡ್ಲುಪೇಟೆ ಕಡೆ ಚೆಂಡು ಹೂ ಕೀಳುವ ಕಾಲ. ಕೇರಳಕ್ಕೆ ಹೋಗುವ ರಸ್ತೆಯಲ್ಲಿ, ಮದ್ದೂರಿನ ಕಾಡು ಶುರುವಾಗುವುದಕ್ಕೆ ಮೊದಲು ನಮ್ಮ ಊರು ಸಿಗುತ್ತದೆ. ಆಗ ರಸ್ತೆಯ ಎರಡೂ ಬದಿ ಕಣ್ಣು ಹಾಯುವಷ್ಟು ದೂರ ಹಳದಿ, ಕಿತ್ತಳೆ ಬಣ್ಣ. ಕಾರಿನಲ್ಲಿ ಬಂದವರು ಹೊಲಕ್ಕಿಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ನಮಗೆ ಮಾತ್ರ ಅದು ಬಿಸಿಲೇರುವ ಮುಂಚೆ ಕಿತ್ತು ಚೀಲಕ್ಕೆ ತುಂಬಿ ಕಳಿಸಬೇಕಾದ ಕೆಲಸ.

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ಸೇರಿ, ಕೊನೆಯ ಹಲವು ವರ್ಷ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದು ನಿವೃತ್ತನಾದವನು. ಯಾವ ಬಸ್ಸು ಯಾವ ಪ್ಲಾಟ್‌ಫಾರಂನಲ್ಲಿ ನಿಲ್ಲಬೇಕು, ಯಾವುದು ಎಷ್ಟು ಹೊತ್ತಿಗೆ ಹೊರಡಬೇಕು, ಕೆಟ್ಟು ನಿಂತರೆ ಬದಲಿ ಬಸ್ಸು ಎಲ್ಲಿಂದ ಬರಬೇಕು ಎಂದು ನೋಡಿಕೊಳ್ಳುವುದು, ಅದನ್ನು ಮೈಕಿನಲ್ಲಿ ಹೇಳುವುದು ನನ್ನ ಕೆಲಸ. ಆ ಕೆಲಸ ಬಿಟ್ಟರೂ ಅದರ ಶಿಸ್ತು ನನ್ನನ್ನು ಬಿಟ್ಟಿಲ್ಲ. ಮನೆಯಲ್ಲಿ ಚಪ್ಪಲಿ ಸಾಲಾಗಿರಬೇಕು, ಬಾಗಿಲ ಬೀಗದ ಕೈ ಮೊಳೆಗೇ ನೇತಾಡಬೇಕು, ಊಟ ಹೊತ್ತಿಗೆ ಸರಿಯಾಗಿ ಆಗಬೇಕು. ನನ್ನ ಹೆಂಡತಿ ಮಹದೇವಮ್ಮ ಇದನ್ನೆಲ್ಲ ಸಹಿಸಿಕೊಂಡೇ ಬಾಳಿದವಳು. ಊಟ ಸ್ವಲ್ಪ ತಡವಾದರೆ, "ಅನ್ನ ಇನ್ನೂ ಡಿಪೋ ಬುಟ್ಟಿಲ್ಲ, ವಸಿ ತಡೀರಿ" ಎಂದು ಒಲೆಯ ಮುಂದಿನಿಂದಲೇ ಹೇಳುವಳು.

ಆ ದಿನ ಬೆಳಿಗ್ಗೆ ಹೂ ಕೀಳಲು ಹೆಂಗಸರ ಗುಂಪು ಬಂದಿತ್ತು. ಮಹದೇವಮ್ಮನೂ ಅವರ ಜೊತೆ ಸಾಲು ಹಿಡಿದಿದ್ದಳು. ಬೇಡವೆಂದರೆ ಕೇಳುವವಳಲ್ಲ. ನಾನು ಬದುವಿನ ಮೇಲೆ ನಿಂತು ಚೀಲಗಳಿಗೆ ಬಾಯಿ ಕಟ್ಟುತ್ತಿದ್ದೆ. ನಮ್ಮ ಮಗ ನಂಜುಂಡ ಅವನ್ನು ಆಟೊಗೆ ಏರಿಸುತ್ತಿದ್ದ. ಅಷ್ಟರಲ್ಲಿ ಸಾಲಿನ ನಡುವಿನಿಂದ ಮಹದೇವಮ್ಮ, "ಏನೋ ಕಡೀತು ಕಣಾ" ಎಂದಳು. ಕೂಗಲಿಲ್ಲ, ಹಾಗೇ ಹೇಳಿದಳು. ಪಕ್ಕದಲ್ಲಿದ್ದ ಚಿಕ್ಕತಾಯಮ್ಮ ಗಿಡ ಸರಿಸಿ ನೋಡಿ ಹಿಂದಕ್ಕೆ ನೆಗೆದಳು. ಹೂವಿನ ಗುಂಪಿನ ಯಜಮಾನಿ ಅವಳೇ, ಯಾವುದಕ್ಕೂ ಹೆದರುವವಳಲ್ಲ. ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು. ನಾಗರ ಹಾವು.

ಪಾದದ ಮೇಲ್ಭಾಗದಲ್ಲಿ ಗುರುತಿತ್ತು. ಹೆಂಗಸರು ಅವಳನ್ನು ಎತ್ತಿ ಬದುವಿಗೆ ತಂದರು. ಒಬ್ಬಳು ಸೀರೆಯ ಸೆರಗು ಹರಿದು ಕಾಲಿಗೆ ಕಟ್ಟಲು ಬಗ್ಗಿದಳು. ಚಿಕ್ಕತಾಯಮ್ಮ ನಂಜುಂಡನಿಗೆ, "ಬೈಕ್ ತಗಿಲಾ. ಬೇರು ಕೊಡೋರ ಅತ್ರ ಓಗನ. ನಮ್ಮತ್ತೇಗೂ ಅವರೇ ಕೊಟ್ಟಿದ್ದು" ಎಂದಳು. ನಂಜುಂಡ ಆಗಲೇ ಬೈಕಿನ ಕಡೆಗೆ ಓಡಿದ್ದ.

"ಯಾರೂ ಎಲ್ಲಿಗೂ ಹೋಗಬೇಡಿ" ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಬಂತು. ಕಾಲಿಗೆ ಕಟ್ಟಲು ಬಗ್ಗಿದವಳಿಗೂ ತಡೆ ಎಂದು ಕೈ ತೋರಿಸಿ, ಫೋನು ತೆಗೆದು ಆಂಬುಲೆನ್ಸಿನ ನೂರೆಂಟಕ್ಕೆ ಮಾಡಿದೆ.

ಆ ಕಡೆ ಒಬ್ಬ ಹುಡುಗಿಯ ದನಿ. ಬೆಂಗಳೂರಿನಲ್ಲಿ ಎಲ್ಲೋ ಒಂದು ದೊಡ್ಡ ಕೋಣೆಯಲ್ಲಿ ಕೂತು ಇಡೀ ರಾಜ್ಯದ ಕರೆಗಳನ್ನು ಎತ್ತುವವರಲ್ಲಿ ಒಬ್ಬಳು ಎಂದು ಆಮೇಲೆ ತಿಳಿಯಿತು. ಆ ಹುಡುಗಿ ಗಾಬರಿಯಾಗಲಿಲ್ಲ, ನನ್ನನ್ನೂ ಗಾಬರಿಪಡಿಸಲಿಲ್ಲ. ಯಾವ ತಾಲ್ಲೂಕು, ಯಾವ ಊರು, ಹತ್ತಿರದಲ್ಲಿ ಗುರುತಿಗೆ ಏನಿದೆ, ರೋಗಿಗೆ ಮಾತಾಡಲು ಆಗುತ್ತಿದೆಯೇ ಎಂದು ಒಂದೊಂದಾಗಿ ಕೇಳಿದಳು. ನಾನು, "ಹೂವಿನ ಹೊಲದಲ್ಲಿದ್ದೀವಮ್ಮ" ಎನ್ನಲು ಹೋಗಿ ತಡೆದುಕೊಂಡೆ. ಆ ರಸ್ತೆಯಲ್ಲಿ ಎಲ್ಲವೂ ಹೂವಿನ ಹೊಲವೇ. ಬಸ್ ತಂಗುದಾಣದ ಗುರುತು ಹೇಳಿ, "ಅಲ್ಲಿ ಕೆಂಪು ಬೈಕಿನಲ್ಲಿ ನನ್ನ ಮಗ ನಿಂತಿರ್ತಾನೆ, ಗಾಡಿಯವರು ಅವನ ಹಿಂದೆ ಬಂದರೆ ಸಾಕು" ಎಂದೆ.

"ಸರಿ ಸರ್. ಕಾಲಿಗೆ ಬಿಗಿಯಾಗಿ ಏನೂ ಕಟ್ಟಬೇಡಿ. ಗಾಯ ಕೊಯ್ಯಬೇಡಿ. ಬಾಯಿಗೆ ಏನೂ ಕೊಡಬೇಡಿ, ಅವರನ್ನು ನಡೆಸಬೇಡಿ. ಗಾಡಿಯವರನ್ನೂ ಇದೇ ಲೈನಿಗೆ ಸೇರಿಸ್ತಿದ್ದೀನಿ, ನೀವೇ ಮಾತಾಡಿ" ಎಂದಳು.

ಬೆಂಗಳೂರಿನ ಹುಡುಗಿ, ಗುಂಡ್ಲುಪೇಟೆಯಿಂದ ಹೊರಟ ಗಾಡಿಯ ಚಾಲಕ, ಹೂವಿನ ಬದುವಿನ ಮೇಲೆ ನಿಂತ ನಾನು, ಮೂವರೂ ಒಂದೇ ಲೈನಿನಲ್ಲಿ. ನನ್ನ ಕಾಲದಲ್ಲಿ ನಗರದ ಡಿಪೋಗೆ ಒಂದು ಸುದ್ದಿ ಮುಟ್ಟಿಸಲು ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಚೀಟಿ ಕೊಡಬೇಕಾಗಿತ್ತು. ನಗರ ಎಂದರೆ ನಮ್ಮ ಕಡೆಯವರಿಗೆ ಚಾಮರಾಜನಗರವೇ.

ನಂಜುಂಡ ಹೊರಡುವ ಮುಂಚೆ ನನ್ನ ಮುಂದೆ ನಿಂತು, "ಅಪ್ಪ, ಅವರು ಬರಗಂಟ ಕಾಯ್ತಾ ಕೂರಕ್ಕಾದ್ದಾ? ಅವ್ವುನ್ಗೆ ಏನಾರ ಆಗ್ಬುಟ್ರೆ ನೀನೇ ಜವಾಬ್ದಾರಿ" ಎಂದ. ಕಣ್ಣು ಕೆಂಪಾಗಿತ್ತು.

"ನಾನೇ ಜವಾಬ್ದಾರಿ. ನೀನು ತಂಗುದಾಣಕ್ಕೆ ಹೋಗಿ ನಿಲ್ಲು" ಎಂದೆ.

ಹೇಳಿದ್ದೇನೋ ಹೇಳಿದೆ. ಆದರೆ ಮಹದೇವಮ್ಮನ ಪಕ್ಕ ಕೂತು ಅವಳ ಕಾಲನ್ನು ಅಲುಗಾಡದಂತೆ ಹಿಡಿದುಕೊಂಡು ಮತ್ತೆ ಮತ್ತೆ ರಸ್ತೆಯ ಕಡೆ ನೋಡತೊಡಗಿದೆ. ಅವಳು, "ಆಟೊದವನು ಬುಸಿಲಲ್ಲಿ ನಿಂತವ್ನೆ. ಹೂವ ಬಾಡೋಯ್ತದೆ, ಕಳ್ಸಿ ಮೊದ್ಲು" ಎಂದಳು. ನಾನು ಕಳಿಸಲಿಲ್ಲ. ಹೂ ಅಲ್ಲೇ ಬಾಡಿತು.

ಗಾಡಿ ನಾನು ಎಣಿಸಿದ್ದಕ್ಕಿಂತ ಬೇಗ ಬಂತು. ಅದರಲ್ಲಿ ಇಬ್ಬರಿದ್ದರು. ಚಾಲಕ ಸಿದ್ದರಾಜು, ನಡುವಯಸ್ಸಿನವನು. ಜೊತೆಗೆ ನರ್ಸಿಂಗ್ ಓದಿ ಈ ಕೆಲಸಕ್ಕೆ ತರಬೇತಿ ಪಡೆದ ಶಿಲ್ಪಾ ಎಂಬ ಹೆಣ್ಣುಮಗಳು, ಉಮ್ಮತ್ತೂರಿನವಳು. ಆಕೆ ಬಂದವಳೇ ಮಹದೇವಮ್ಮನ ಕಣ್ಣು, ಉಸಿರು, ನಾಡಿ ನೋಡಿ, ಕಾಲಿಗೆ ಮರದ ಪಟ್ಟಿ ಇಟ್ಟು ಕಟ್ಟಿ, ಸ್ಟ್ರೆಚರಿಗೆ ಮಲಗಿಸಿದಳು. ಚಿಕ್ಕತಾಯಮ್ಮ, "ಬೇರು ಕೊಡಿಸ್ಕಂಡು ಓಗಿ ಕಣವ್ವ, ದಾರಿಲೇ ಐತೆ" ಎಂದು ಬೇಡಿಕೊಂಡಳು. ಶಿಲ್ಪಾ ಅವಳನ್ನು ಗದರಲಿಲ್ಲ. "ಆಸ್ಪತ್ರೆಲಿ ಇಂಜೆಕ್ಷನ್ ಅದೆ ಕಣಕ್ಕ, ನಾಗರಕ್ಕೆ ಅಂತ್ಲೇ ಇರೋದು. ನೀವು ಕಾಲಿಗೆ ಏನೂ ಕಟ್ಟದೇ ಇದ್ರಲ್ಲ, ಅದೇ ದೊಡ್ಡ ಉಪಕಾರ" ಎಂದಳು. ಚಿಕ್ಕತಾಯಮ್ಮ ಬೇರಿನ ಮಾತು ಬಿಟ್ಟಳು. ಅಷ್ಟೇ ಅಲ್ಲ, ಸ್ಟ್ರೆಚರಿನ ಒಂದು ತುದಿ ಅವಳೇ ಹಿಡಿದಳು.

ಗುಂಡ್ಲುಪೇಟೆಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಹದೇವಮ್ಮನ ಕಣ್ಣ ರೆಪ್ಪೆಗಳು ಇಳಿಯತೊಡಗಿದ್ದವು. ಅಲ್ಲಿಗೆ ಸುದ್ದಿ ಮುಂಚೆಯೇ ಹೋಗಿತ್ತು. ವೈದ್ಯರು ಔಷಧಿ ಸಿದ್ಧ ಮಾಡಿಕೊಂಡೇ ಬಾಗಿಲಲ್ಲಿದ್ದರು. ಇಂಜೆಕ್ಷನ್ ಬಾಟಲಿಗೆ ಸೇರಿ ಹನಿಹನಿಯಾಗಿ ಇಳಿಯತೊಡಗಿತು. ಸ್ವಲ್ಪ ಹೊತ್ತಿನ ಮೇಲೆ ವೈದ್ಯರು ನನ್ನನ್ನು ಹೊರಗೆ ಕರೆದರು.

"ಯಜಮಾನ್ರೇ, ವಿಷಕ್ಕೆ ಮದ್ದು ಹೋಗ್ತಿದೆ. ಆದರೆ ಅದು ಕೆಲಸ ಮಾಡೋವರೆಗೂ ಉಸಿರಾಟ ನಿಲ್ಲದ ಹಾಗೆ ನೋಡ್ಕೋಬೇಕು. ಉಸಿರು ಸಣ್ಣಗಾಗ್ತಿದೆ. ಯಂತ್ರ ಬೇಕಾಗ್ತದೆ. ನಗರದ ದೊಡ್ಡಾಸ್ಪತ್ರೆಗೆ ಕಳಿಸ್ತೀವಿ" ಎಂದರು.

ಆಗ ನನಗೆ ಆ ವ್ಯವಸ್ಥೆಯ ಇನ್ನೊಂದು ಮುಖ ತಿಳಿಯಿತು. ನೂರೆಂಟರ ಗಾಡಿಗಳೆಲ್ಲ ಒಂದೇ ಬಗೆಯವಲ್ಲ. ನಮ್ಮನ್ನು ಕರೆತಂದಂಥವು ಹೆಚ್ಚು. ಅವುಗಳಲ್ಲಿ ಆಮ್ಲಜನಕ, ಔಷಧಿ, ಕೈಯಿಂದ ಒತ್ತಿ ಉಸಿರು ಕೊಡುವ ಚೀಲ ಇರುತ್ತವೆ. ಉಸಿರಾಟದ ಯಂತ್ರವೇ ಇರುವ ಗಾಡಿ ಕಡಿಮೆ. ಆ ಹೊತ್ತಿಗೆ ಅಂಥದ್ದು ನಗರದ ಕಡೆ ಇತ್ತು. ಅದು ಗುಂಡ್ಲುಪೇಟೆಗೆ ಬಂದು ಹೊತ್ತುಕೊಂಡು ಹೋಗುವವರೆಗೆ ಕಾದರೆ ಹೊತ್ತು ವ್ಯರ್ಥ. ಅದಕ್ಕಾಗಿ ಫೋನಿನಲ್ಲೇ ತೀರ್ಮಾನವಾಯಿತು. ನಮ್ಮ ಗಾಡಿ ಇಲ್ಲಿಂದ ಹೊರಡುವುದು, ಯಂತ್ರದ ಗಾಡಿ ಅಲ್ಲಿಂದ ಹೊರಡುವುದು, ಎರಡೂ ತೆರಕಣಾಂಬಿಯಲ್ಲಿ ಸೇರುವುದು, ರೋಗಿಯನ್ನು ಅಲ್ಲಿ ಬದಲಾಯಿಸುವುದು.

ಸಿದ್ದರಾಜು ಇದನ್ನು ನನಗೆ ಹೇಳಿದ. ನನಗೆ ವಿವರಣೆ ಬೇಕಾಗಲಿಲ್ಲ. ಗುಂಡ್ಲುಪೇಟೆಯ ಬಸ್ಸು ನಗರದ ದಾರಿಯಲ್ಲಿ ಕೆಟ್ಟರೆ ನಾವೂ ಹೀಗೇ ಮಾಡುತ್ತಿದ್ದೆವು. ಎದುರು ದಿಕ್ಕಿನಿಂದ ಬರುವ ಬಸ್ಸನ್ನು ತೆರಕಣಾಂಬಿಯಲ್ಲಿ ನಿಲ್ಲಿಸಿ, ಪ್ರಯಾಣಿಕರನ್ನು ಬದಲಾಯಿಸಿ, ಅದನ್ನು ಬಂದ ಕಡೆಗೇ ವಾಪಸು ತಿರುಗಿಸುವುದು. ಎರಡು ಕಡೆಯ ಡಿಪೋಗಳ ನಡುವೆ ಆ ಊರು ಒಂದು ಗಂಟಿನ ಹಾಗೆ. ಆದರೆ ನಂಜುಂಡನಿಗೆ ಇದನ್ನು ಯಾರೂ ಹೇಳಲಿಲ್ಲ. ಅವನು ಔಷಧಿ ಚೀಟಿ ಹಿಡಿದು ಹೊರಗೆ ಹೋಗಿದ್ದ. ಗಾಡಿ ಹೊರಟದ್ದು ನೋಡಿ ಬೈಕಿನಲ್ಲಿ ಹಿಂದೆಯೇ ಬಂದ.

ಗಾಡಿಯೊಳಗೆ ನಾನು ಒಂದು ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ದಾರಿ ಸ್ವಲ್ಪ ಸಾಗುವಷ್ಟರಲ್ಲಿ ಮಹದೇವಮ್ಮನ ಎದೆ ಏಳುವುದು ಕಾಣದಂತಾಯಿತು. ಶಿಲ್ಪಾ ಅವಳ ಮೂಗು ಬಾಯಿಗೆ ಮಾಸ್ಕ್ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಆ ಚೀಲ ಒತ್ತತೊಡಗಿದಳು. ಒತ್ತಿದರೆ ಎದೆ ಏಳುತ್ತಿತ್ತು. ಬಿಟ್ಟರೆ ಇಳಿಯುತ್ತಿತ್ತು. ನನ್ನ ಹೆಂಡತಿಯ ಉಸಿರು ಆ ಹೆಣ್ಣುಮಗಳ ಅಂಗೈಯಲ್ಲಿತ್ತು. ತಿರುವಿನಲ್ಲಿ ಗಾಡಿ ವಾಲಿದಾಗ ಶಿಲ್ಪಾ ಮೊಣಕಾಲು ಊರಿ ಸ್ಟ್ರೆಚರಿಗೆ ಆತುಕೊಂಡಳೇ ಹೊರತು ಕೈಯ ಲಯ ತಪ್ಪಲಿಲ್ಲ.

"ಕೈ ನೋವಾಗಲ್ವೇನವ್ವ?" ಎಂದೆ.

"ಆಮೇಲೆ ನೋವಾಗ್ತದೆ ತಾತ, ಈಗ ಇಲ್ಲ" ಎಂದಳು. ಅವಳ ಕಣ್ಣು ಮಹದೇವಮ್ಮನ ಎದೆಯ ಮೇಲೇ ಇತ್ತು.

ತೆರಕಣಾಂಬಿ ಬಂತು. ಸಿದ್ದರಾಜು ಊರ ನಡುವೆ ರಸ್ತೆ ಅಗಲವಿರುವ ಕಡೆ, ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದ. ಯಂತ್ರದ ಗಾಡಿ ಇನ್ನೇನು ಊರೊಳಗೆ ಬರುತ್ತಿದೆ ಎಂದು ಫೋನಿನಲ್ಲಿ ತಿಳಿಸಿದ್ದರಂತೆ. ಅವನು ಇಳಿದು ಹಿಂದಿನ ಬಾಗಿಲು ತೆರೆದು ಸ್ಟ್ರೆಚರನ್ನು ಎಳೆದು ಸಿದ್ಧವಾಗಿಟ್ಟ. ಶಿಲ್ಪಾ ಚೀಲ ಒತ್ತುತ್ತಲೇ ಕೆಳಗಿಳಿದಳು.

ಆಗ ಆಗಿದ್ದನ್ನು ನಾನು ಊಹಿಸಿರಲಿಲ್ಲ.

ನಮ್ಮ ಕಡೆ ಆಸ್ಪತ್ರೆಗೆ ಹೋಗುವ ಗಾಡಿ ನಡುದಾರಿಯಲ್ಲಿ ನಿಂತು ಬಾಗಿಲು ತೆರೆದರೆ ಜನ ಅದಕ್ಕೆ ಒಂದೇ ಅರ್ಥ ಹೇಳುತ್ತಾರೆ. ಪ್ರಾಣ ಹೋಯಿತು, ಇನ್ನು ಊರಿಗೆ ವಾಪಸು ಒಯ್ಯುತ್ತಾರೆ. ಟೀ ಅಂಗಡಿಯವನು ಮೊದಲು ನೋಡಿದ. ರೇಡಿಯೊ ನಿಲ್ಲಿಸಿದ, ಷಟರ್ ಅರ್ಧಕ್ಕೆ ಎಳೆದ. ಟೀ ಕುಡಿಯುತ್ತಿದ್ದವರು ಲೋಟ ಇಟ್ಟು ಎದ್ದು ನಿಂತರು. ಹೆಗಲ ಮೇಲಿನ ಟವೆಲುಗಳು ಕೈಗೆ ಬಂದವು. ಬಸ್ಸಿಗೆ ಕಾದಿದ್ದವರು ಸುತ್ತ ಸೇರಿದರು. ಎಲ್ಲಿಂದಲೋ ಒಬ್ಬ ಮುದುಕಿ ಬಂದು ಮಹದೇವಮ್ಮನ ಪಾದದ ಬಳಿ ನಿಂತು, "ಅಯ್ಯೋ ನನ್ನವ್ವ, ಮುತ್ತೈದೆಯಾಗೇ ಓಗ್ಬುಟ್ಯಾ" ಎಂದು ರಾಗ ತೆಗೆದು ಅಳತೊಡಗಿದಳು. ನಮ್ಮ ಗುರುತೇ ಇಲ್ಲದವಳು. ಯಾರ ಸಾವಿಗಾದರೂ ಒಂದು ದನಿ ಅಳಬೇಕು ಎಂಬ ಜನ ನಾವು. ಒಬ್ಬಳು ಶುರುಮಾಡಿದರೆ ಇನ್ನೊಬ್ಬಳು ಸೇರುತ್ತಾಳೆ.

ಅದೇ ಹೊತ್ತಿಗೆ ನಂಜುಂಡ ಬಂದ. ಅವನಿಗೆ ಕಂಡದ್ದು ರಸ್ತೆಯಲ್ಲಿ ಇಳಿಸಿದ ಸ್ಟ್ರೆಚರು, ಅಳುವ ಹೆಂಗಸರು, ಅರ್ಧ ಮುಚ್ಚಿದ ಅಂಗಡಿ. ಬೈಕನ್ನು ಅಲ್ಲೇ ಬೀಳಿಸಿ ಓಡಿಬಂದು ಸ್ಟ್ರೆಚರಿನ ಕಂಬಿ ಹಿಡಿದುಕೊಂಡ.

"ಯಾಕಿಳಿಸಿದ್ರಿ? ಅರ್ಧ ದಾರೀಲಿ ಕೈ ಬುಟ್ಬುಟ್ರಾ? ಅತ್ತುಸ್ಲಾ ವಾಪಸು. ಅತ್ತುಸು ಅಂತೀನಿ" ಎಂದು ಸಿದ್ದರಾಜುವಿನ ಅಂಗಿ ಹಿಡಿದ.

"ಅಣ್ಣ, ಸತ್ತಿಲ್ಲ ಕಣಣ್ಣ, ಇನ್ನೊಂದು ಗಾಡಿ ಬತ್ತಾ ಅದೆ" ಎಂದು ಸಿದ್ದರಾಜು ಹೇಳುತ್ತಿದ್ದ. ಅಳುವಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಗುಂಪಿನಲ್ಲಿ ಯಾರೋ, "ಬಡವರು ಅಂದ್ರೆ ಇಂಗೇ ಕಣ್ಲಾ, ಬೀದೀಲಿ ಇಳುಸ್ಬುಟ್ಟು ಓಯ್ತಾರೆ" ಎಂದ. ನಾಲ್ಕು ಜನ ಹೌದು ಎಂದರು.

ಆ ಕಡೆಯಿಂದ ಸೈರನ್ ಕೇಳಿತು. ಯಂತ್ರದ ಗಾಡಿ ಬಂದಿತ್ತು. ಆದರೆ ಅದು ನಮ್ಮ ಹತ್ತಿರಕ್ಕೆ ಬರಲು ದಾರಿ ಇರಲಿಲ್ಲ. ನಮ್ಮ ಮೇಲಿನ ಕನಿಕರಕ್ಕೇ ಜನ ರಸ್ತೆ ತುಂಬ ನಿಂತಿದ್ದರು. ಬೈಕುಗಳು, ಹೂವಿನ ಚೀಲದ ಆಟೊಗಳು, ನೋಡಲು ನಿಂತ ಒಂದು ಬಸ್ಸು. ಶಿಲ್ಪಾ ನನ್ನ ಕಡೆ ನೋಡಿ, "ತಾತ, ದಾರಿ ಬೇಕು" ಎಂದಳು. ಮೊದಲ ಸಲ ಅವಳ ದನಿಯಲ್ಲಿ ಆತುರ ಇತ್ತು.

ಅಷ್ಟು ವರ್ಷ ಬಸ್ ನಿಲ್ದಾಣದಲ್ಲಿ ಕಲಿತದ್ದು ಒಂದೇ ವಿಷಯ. ಬಸ್ಸು ತಡವಾದದ್ದಕ್ಕೆ ಜನ ಸಿಟ್ಟಾಗುವುದಿಲ್ಲ, ಯಾಕೆ ತಡ ಎಂದು ಯಾರೂ ಹೇಳದಿದ್ದರೆ ಸಿಟ್ಟಾಗುತ್ತಾರೆ. ಹೇಳಿದರೆ ಅದೇ ಜನ ಚೀಲ ಎತ್ತಿಕೊಟ್ಟು ಸಹಾಯ ಮಾಡುತ್ತಾರೆ. ನಾನು ಟೀ ಅಂಗಡಿಯ ಮುಂದಿನ ಕಲ್ಲು ಚಪ್ಪಡಿಯ ಮೇಲೆ ಹತ್ತಿ ನಿಂತೆ. ಏನು ಹೇಳಬೇಕೆಂದು ಯೋಚಿಸಲಿಲ್ಲ. ಬಾಯಿಗೆ ಅಭ್ಯಾಸವಾಗಿದ್ದ ಮಾತೇ ಬಂತು.

"ಪ್ರಯಾಣಿಕರ ಗಮನಕ್ಕೆ."

ಮೈಕು ಇರಲಿಲ್ಲ. ಆದರೆ ಮೈಕು ಕೆಟ್ಟ ದಿನಗಳಲ್ಲೂ ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದ ಗಂಟಲು ಅದು. ಎಲ್ಲರೂ ತಿರುಗಿ ನೋಡಿದರು. ಮುದುಕಿಯೂ ರಾಗ ನಿಲ್ಲಿಸಿದಳು.

"ಗುಂಡ್ಲುಪೇಟೆ ಗಾಡಿಯಲ್ಲಿ ಬಂದ ರೋಗಿ ಬದುಕಿದ್ದಾರೆ. ಅವರು ನನ್ನ ಹೆಂಡತಿ. ನಾಗರ ಹಾವು ಕಚ್ಚಿದೆ, ಮದ್ದು ಹೋಗಿದೆ, ಈ ಹೆಣ್ಣುಮಗಳು ಕೈಯಿಂದ ಉಸಿರು ಕೊಡ್ತಿದ್ದಾಳೆ. ನಗರದಿಂದ ಬಂದಿರುವ ಗಾಡಿಯಲ್ಲಿ ಉಸಿರಾಟದ ಯಂತ್ರ ಇದೆ. ರೋಗಿಯನ್ನು ಆ ಗಾಡಿಗೆ ಬದಲಾಯಿಸಬೇಕು. ದಯವಿಟ್ಟು ಎಡಗಡೆ ನಿಂತವರು ಅಂಗಡಿ ಕಡೆಗೆ, ಬಲಗಡೆ ನಿಂತವರು ಚರಂಡಿ ಆಚೆಗೆ ಸರಿಯಿರಿ. ಬೈಕುಗಳನ್ನು ತೆಗೆಯಿರಿ. ಬಸ್ಸಿನವರು ಹಿಂದಕ್ಕೆ ತೆಗೆದುಕೊಳ್ಳಿ."

ಮೊದಲು ಬಸ್ಸಿನ ಕಂಡಕ್ಟರ್ ವಿಷಲ್ ಊದಿ ಬಸ್ಸನ್ನು ಹಿಂದಕ್ಕೆ ಬಿಡಿಸತೊಡಗಿದ. ಟೀ ಅಂಗಡಿಯವನು ಹೊರಗೆ ಬಂದು ನಿಂತ ಬೈಕುಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟ. ಹೂವಿನ ಆಟೊಗಳನ್ನು ಜನರೇ ತಳ್ಳಿದರು. ಬಡವರೆಂದರೆ ಹೀಗೇ ಎಂದು ಹೇಳಿದ ಆಸಾಮಿಯೇ ಮುಂದೆ ನಿಂತು, "ಸರೀರ್ಲಾ, ಸರೀರಿ, ಬದುಕವ್ರೆ" ಎಂದು ಎಲ್ಲರನ್ನೂ ಹಿಂದಕ್ಕೆ ತಳ್ಳುತ್ತಿದ್ದ. ನೋಡುತ್ತಿದ್ದಂತೆ ರಸ್ತೆಯ ನಡುವೆ ಒಂದು ಓಣಿ ಬಿಟ್ಟುಕೊಂಡಿತು. ಯಂತ್ರದ ಗಾಡಿ ಅದರೊಳಗೆ ಬಂದು ನಮ್ಮ ಗಾಡಿಗೆ ಬೆನ್ನು ಮಾಡಿ ನಿಂತಿತು.

ನಂಜುಂಡ ಇನ್ನೂ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಸಿದ್ದರಾಜುವಿನ ಅಂಗಿ ಹಿಡಿದಿದ್ದ. ನಾನು ಇಳಿದು ಅವನ ಹತ್ತಿರ ಹೋಗಿ, "ಕೈ ಬಿಡಬೇಡ, ಹಾಗೇ ಹಿಡ್ಕೊಂಡು ಆ ಗಾಡಿಗೆ ನಡಿ. ನೀನೂ ಎತ್ತು" ಎಂದೆ. ಅವನು ಅಂಗಿ ಬಿಟ್ಟು ಸ್ಟ್ರೆಚರು ಎತ್ತಲು ಕೈ ಜೋಡಿಸಿದ. ಸಿದ್ದರಾಜು ಒಂದು ಕಡೆ, ನನ್ನ ಮಗ ಒಂದು ಕಡೆ. ಶಿಲ್ಪಾ ಚೀಲ ಒತ್ತುತ್ತ ಪಕ್ಕದಲ್ಲೇ ನಡೆದಳು. ಆ ಗಾಡಿಯವರು ಮಹದೇವಮ್ಮನ ಗಂಟಲಿಗೆ ಕೊಳವೆ ಹಾಕಿ ಯಂತ್ರಕ್ಕೆ ಸೇರಿಸಿದರು. ಎದೆ ತಾನಾಗಿಯೇ ಎಂಬಂತೆ ಏಳತೊಡಗಿತು. ಶಿಲ್ಪಾ ಹೊಸಬರಿಗೆ ಏನೇನು ಮದ್ದು ಕೊಟ್ಟಿದೆ, ಯಾವಾಗ ಉಸಿರು ಕ್ಷೀಣಿಸಿತು ಎಂದು ಒಂದೇ ಉಸಿರಿಗೆ ಒಪ್ಪಿಸಿ, ಇಳಿದು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತಳು. ಆಗ ನೋವು ಶುರುವಾಗಿತ್ತು ಅಂತ ಕಾಣುತ್ತದೆ.

ನಾನು ಯಂತ್ರದ ಗಾಡಿ ಹತ್ತಿದೆ. ಬಾಗಿಲು ಹಾಕುವಾಗ ನೋಡಿದರೆ ನಮ್ಮನ್ನು ತಂದ ಗಾಡಿ ಆಗಲೇ ಗುಂಡ್ಲುಪೇಟೆ ಕಡೆ ತಿರುಗಿಕೊಂಡು ಸೈರನ್ ಹಾಕಿಕೊಂಡು ಹೊರಟಿತ್ತು. ನಂಜುಂಡ ಬೈಕೆತ್ತಿ ನಿಲ್ಲಿಸುತ್ತ ಅದನ್ನೇ ನೋಡುತ್ತಿದ್ದ. "ಒಂದು ಮಾತೂ ಕೇಳ್ದೆ ಓಗೇಬುಟ್ರಲ್ಲ" ಎಂದು ಗೊಣಗಿದ್ದು ಕೇಳಿಸಿತು.

ನಗರದ ಆಸ್ಪತ್ರೆಯಲ್ಲಿ ಮಹದೇವಮ್ಮ ಯಂತ್ರದ ಮೇಲೆ ಮಲಗಿದ್ದಳು. ಮರುದಿನ ಬೆಳಿಗ್ಗೆ ಅವಳ ರೆಪ್ಪೆ ಸ್ವಲ್ಪ ಎದ್ದಿದೆ, ಬೆರಳು ಮಡಿಸುತ್ತಾಳೆ ಎಂದು ವೈದ್ಯರು ಹೇಳಿದರು. ಆ ಸುದ್ದಿ ಹಿಡಿದುಕೊಂಡು ನಾನೂ ನಂಜುಂಡನೂ ಹೊರಗೆ ಮರದ ನೆರಳಿಗೆ ಬಂದೆವು. ಅಲ್ಲಿ ಸಿದ್ದರಾಜು ನಿಂತಿದ್ದ. ಗುಂಡ್ಲುಪೇಟೆಯಿಂದ ಇನ್ಯಾರನ್ನೋ ಕರೆತಂದು, ಗಾಡಿಯ ಒಳಗನ್ನು ತೊಳೆದು ಒರೆಸುತ್ತಿದ್ದ. ರೋಗಿ ಇಳಿದ ಮೇಲೆ ಅದನ್ನು ಸ್ವಚ್ಛ ಮಾಡಿ, ಖರ್ಚಾದ ಸಾಮಾನು ತುಂಬಿಸಿಕೊಂಡು, ಗಾಡಿ ಖಾಲಿ ಇದೆ ಎಂದು ಬೆಂಗಳೂರಿನ ಕೋಣೆಗೆ ತಿಳಿಸುವವರೆಗೆ ಅವರ ಕೆಲಸ ಮುಗಿಯುವುದಿಲ್ಲ.

ನಂಜುಂಡ ತಲೆ ತಗ್ಗಿಸಿಕೊಂಡು ಹೋಗಿ, "ಅಣ್ಣ, ನೆನ್ನೆ ಅಂಗಿ ಇಡ್ಕಂಬುಟ್ಟೆ" ಎಂದ.

ಸಿದ್ದರಾಜು ಒರೆಸುವುದು ನಿಲ್ಲಿಸದೆ, "ಗುಂಡಿ ಕಿತ್ತೋಗಿತ್ತು. ನನ್ನೆಂಡ್ತಿ ಆಕ್ಕೊಟ್ಲು. ಇನ್ನೊಂದ್ಸಲ ಇಡೀಬೇಕಾದ್ರೆ ಕಾಲರ್ ಇಡೀರಿ, ಅಲ್ಲಿ ಗುಂಡಿ ಇಲ್ಲ" ಎಂದ.

ನಂಜುಂಡನಿಗೆ ನಗು ಬಂತು, ಆದರೂ ಕೇಳಬೇಕಾದ್ದನ್ನು ಕೇಳಿದ. "ಅಲ್ಲ, ನಮ್ಮವ್ವುನ್ನ ಬುಟ್ಟವ್ರೇ ಅಷ್ಟು ಅವಸರದಲ್ಲಿ ಎಲ್ಲಿಗೋದ್ರಿ?"

"ಮದ್ದೂರು ಕಡೆ ಒಬ್ರು ಎರಿಗೆ ನೋವು ತಿಂತಿದ್ರು. ಮಗು ಅಡ್ಡ ಬಂದಿತ್ತು. ತೆರಕಣಾಂಬೀಲಿ ನೀವು ನನ್ನಂಗಿ ಇಡ್ಕಂಡಿದ್ದಾಗ್ಲೇ ಫೋನು ಬಂದಿತ್ತು. ನಾನು ನಗರಕ್ಕೆ ಬಂದು ವಾಪಸು ಓಗಿದ್ರೆ ಆಯಮ್ಮುನ್ನ ಮುಟ್ಟೋದು ಯಾವಾಗ? ಒಂದು ಗಾಡಿ ಜಾಗ ಬುಟ್ರೆ ಪಕ್ಕದ ಗಾಡಿ ಆ ಕಡೆಗೂ ನೋಡ್ಕಬೇಕು. ಅದೂ ನೆನ್ನೆ ಬೇರೆ ಕಡೆ ಓಗಿತ್ತು. ಅದುಕ್ಕೇ ಅರ್ಧ ದಾರೀಲಿ ಬದ್ಲಾಯ್ಸೋದು. ನೀವು ನಗರಕ್ಕೆ, ನಾವು ಮದ್ದೂರಿಗೆ."

"ಮಗು?"

"ತಾಯೀನೂ ಚೆನ್ನಾಗವ್ರೆ, ಮಗೂನೂ ಚೆನ್ನಾಗದೆ. ಎಣ್ಣು."

ನಂಜುಂಡ ಬಕೆಟ್ ಎತ್ತಿಕೊಂಡು ಹೋಗಿ ನಲ್ಲಿಯಿಂದ ಹೊಸ ನೀರು ತಂದು ಗಾಡಿಯ ಪಕ್ಕ ಇಟ್ಟ. ನಾನು ಅವನನ್ನು ನೋಡುತ್ತ ನಿಂತೆ. ಅವನು ನಮ್ಮ ಹೊಲದಲ್ಲಿ ಎಷ್ಟೋ ಕೆಲಸ ಮಾಡಿದ್ದಾನೆ. ಆದರೆ ಆ ಬಕೆಟ್ ನೀರು ತಂದಾಗ ಆದ ಸಂತೋಷ ನನಗೆ ಬೇರೆಯೇ.

ಕೆಲವು ದಿನಗಳಲ್ಲಿ ಮಹದೇವಮ್ಮನ ಗಂಟಲ ಕೊಳವೆ ತೆಗೆದರು. ಮೊದಲು ಕೇಳಿದ್ದು ಹೂ ಏನಾಯಿತು ಎಂದು. ಬಾಡಿತು ಎಂದೆ. "ಏಳಿದ್ನಲ್ಲ" ಎಂದಳು. ಆಮೇಲೆ ನಂಜುಂಡ ತೆರಕಣಾಂಬಿಯ ಕತೆ ಹೇಳಿದ. ಮುದುಕಿ ಅತ್ತದ್ದು, ಅಂಗಡಿ ಮುಚ್ಚಿದ್ದು, ನಾನು ಕಲ್ಲು ಹತ್ತಿದ್ದು. ಅವಳು ಕೇಳುತ್ತ ಕೇಳುತ್ತ ನಗತೊಡಗಿದಳು. ಗಂಟಲು ನೋಯುತ್ತಿದ್ದರಿಂದ ನಗು ಪೂರಾ ಬರಲಿಲ್ಲ.

"ನಾನು ಸಾಯಕ್ಕೆ ಬಿದ್ದಿವ್ನಿ, ನಿಮ್ಮಪ್ಪ ಪ್ರಯಾಣಿಕರ ಗಮನಕ್ಕೆ ಅಂದ್ರಾ? ಯಾವ ಪ್ಲಾಟ್‌ಫಾರಂ ಅಂತ ಏಳ್ಲಿಲ್ವಾ?" ಎಂದಳು.

ಮನೆಗೆ ಕರೆದುಕೊಂಡು ಬರುವ ದಿನ ಕಾರು ತೆರಕಣಾಂಬಿಗೆ ಬಂದಾಗ, ನಿಲ್ಲಿಸು ಎಂದಳು. ತನಗಾಗಿ ಅರ್ಧ ಷಟರ್ ಎಳೆದವನ ಟೀ ಕುಡಿಯಲೇಬೇಕಂತೆ. ಟೀ ಅಂಗಡಿಯ ಮಾದಪ್ಪ ನನ್ನನ್ನು ನೋಡಿದವನೇ ಲೋಟ ಕೆಳಗಿಟ್ಟ. ಆಮೇಲೆ ಅವಳನ್ನು ನೋಡಿದ. ಅವಳೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕೈಮುಗಿದು, "ಬನ್ನಿ ಅವ್ವ, ಕೂತ್ಕಳಿ" ಎಂದು ಬೆಂಚು ಒರೆಸಿದ. ಒಳಗೆ ಹೋಗಿ ಷಟರನ್ನು ಪೂರಾ ಮೇಲಕ್ಕೆ ತಳ್ಳಿ ಬಂದ. ಅದು ಮೊದಲೇ ಮೇಲಿತ್ತು. ಆದರೂ ಇನ್ನೊಂದು ಸಲ ತಳ್ಳಿದ.

ನಾವು ಟೀ ಕುಡಿಯುತ್ತಿದ್ದಾಗ ಒಬ್ಬ ಹುಣಸೆಹಣ್ಣಿನ ವ್ಯಾಪಾರಿ ತನ್ನ ಆಟೊವನ್ನು ಅಂಗಡಿಯ ಮುಂದಿನ ಅಗಲ ಜಾಗದಲ್ಲಿ ನಿಲ್ಲಿಸಲು ಬಂದ. ಆವತ್ತು ಎರಡು ಗಾಡಿಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತದ್ದು ಅಲ್ಲೇ. ನೋಡಿದರೆ ಅಲ್ಲಿ ರಸ್ತೆಯ ಅಂಚಿಗೆ ಸುಣ್ಣದಲ್ಲಿ ಒಂದು ಗೆರೆ ಎಳೆದಿತ್ತು. ಮಾದಪ್ಪ ಒಳಗಿನಿಂದಲೇ ಕೂಗಿದ.

"ಏಯ್, ತಗಿಲಾ ಅಲ್ಲಿಂದ. ಅದು ನೂರೆಂಟರ ಪ್ಲಾಟ್‌ಫಾರಂ."

ವ್ಯಾಪಾರಿ, "ಈಗ ಯಾವ ಗಾಡಿ ಬಂದದೆ? ಖಾಲಿ ಅದೆಯಲ್ಲ" ಎಂದ.

"ಖಾಲಿ ಇರ್ಬೇಕು ಅಂತ್ಲೇ ಇರೋದು ಕಣ್ಲಾ. ಇವ್ರನ್ನ ಕೇಳು" ಎಂದು ಮಾದಪ್ಪ ನನ್ನ ಕಡೆ ಕೈ ತೋರಿಸಿದ. ಆ ದಿನದಿಂದಾಚೆಗೆ ಮತ್ತೊಂದು ಸಲ ಅಲ್ಲಿ ಗಾಡಿಗಳು ಸೇರಿದುವಂತೆ. ಜನ ಸುತ್ತಿಕೊಳ್ಳುವ ಮೊದಲೇ ಇವನು ಕಲ್ಲು ಹತ್ತಿ, ಸತ್ತಿಲ್ಲ, ಗಾಡಿ ಬದಲಾಯಿಸುತ್ತಿದ್ದಾರೆ ಎಂದು ಕೂಗಿ ಹೇಳಿದನಂತೆ. "ನಿಮ್ಮಷ್ಟು ಗಂಟ್ಲಿಲ್ಲ ಸ್ವಾಮಿ. ಆದ್ರೂ ಕೇಳಿಸ್ತು" ಎಂದ. ಆವತ್ತು ಅತ್ತ ಮುದುಕಿಯೇ ಈಗ ಹೆಂಗಸರನ್ನು ಹಿಂದಕ್ಕೆ ಸರಿಸುತ್ತಾಳಂತೆ.

ಸರ್ಕಾರದ ಕೆಲಸ ಎಂದರೆ ಮೂಗು ಮುರಿಯುವವರನ್ನು ನಾನು ನಿಲ್ದಾಣದಲ್ಲಿ ದಿನವೂ ಕಂಡಿದ್ದೇನೆ. ಅವರಿಗೆ ಈಗ ನನ್ನಲ್ಲಿ ಉತ್ತರ ಇದೆ. ಹೆಸರು ಕೇಳದೆ, ಜಾತಿ ಕೇಳದೆ, ಕೈಚಾಚದೆ, ಬೆಂಗಳೂರಿನ ಒಂದು ದನಿ ಹೂವಿನ ಬದುವಿಗೆ ಬಂತು. ಉಮ್ಮತ್ತೂರಿನ ಒಂದು ಕೈ ನನ್ನ ಹೆಂಡತಿಗೆ ಉಸಿರು ಕೊಟ್ಟಿತು. ಒಂದು ಗಾಡಿ ಇನ್ನೊಂದು ಗಾಡಿಗೆ ಅವಳನ್ನು ಒಪ್ಪಿಸಿ, ಹಿಂದೆ ತಿರುಗಿ ನೋಡದೆ ಇನ್ನೊಬ್ಬಳ ಕಡೆಗೆ ಓಡಿತು. ಯಾರ ಕೆಲಸವೂ ಇಡಿಯಾಗಿರಲಿಲ್ಲ, ಎಲ್ಲರದೂ ಒಂದೊಂದು ತುಂಡು. ಆ ತುಂಡುಗಳ ನಡುವೆ ಸಂದು ಬೀಳದಂತೆ ಮಾಡಿದ್ದು ತೆರಕಣಾಂಬಿಯ ಜನ.

ನಾನು ಎಷ್ಟೋ ವರ್ಷ ಪ್ಲಾಟ್‌ಫಾರಂಗಳನ್ನು ನೋಡಿಕೊಂಡವನು. ಅವಕ್ಕೆ ಫಲಕ ಇತ್ತು, ಚಾವಣಿ ಇತ್ತು, ಅಂಕಿ ಇತ್ತು. ಆ ಸುಣ್ಣದ ಗೆರೆಗೆ ಅದ್ಯಾವುದೂ ಇಲ್ಲ. ಈಗಲೂ ಬಸ್ಸಿನಲ್ಲಿ ನಗರಕ್ಕೆ ಹೋಗುವಾಗ ತೆರಕಣಾಂಬಿ ಬಂದರೆ ನಾನು ಕಿಟಕಿಯಿಂದ ಬಗ್ಗಿ ನೋಡುತ್ತೇನೆ. ಸಂತೆಯ ದಿನವಾದರೂ ಸರಿ, ಕಾಲಿಡಲು ಜಾಗವಿಲ್ಲದಷ್ಟು ಜನವಿದ್ದರೂ ಸರಿ, ಆ ಗೆರೆಯ ಒಳಗೆ ಜಾಗ ಖಾಲಿ ಇರುತ್ತದೆ. ಪಕ್ಕದಲ್ಲಿ ಕೂತ ಮಹದೇವಮ್ಮ ನನ್ನ ತೋಳು ತಟ್ಟಿ ಕೇಳುತ್ತಾಳೆ, "ಖಾಲಿ ಅದಾ?"

"ಖಾಲಿ ಇದೆ" ಎನ್ನುತ್ತೇನೆ. ಅವಳು ನೆಮ್ಮದಿಯಾಗಿ ಸೀಟಿಗೆ ಒರಗುತ್ತಾಳೆ.